ಅಶ್ಮರೀಭೇದನದ ಇತಿಹಾಸದಲ್ಲಿ ಶೇಷದ ಪ್ರಶ್ನೆ

ಮೂತ್ರಾಶ್ಮರಿಯ ಚಿಕಿತ್ಸೆಯ ಇತಿಹಾಸವನ್ನು ಬರೆದವರಲ್ಲಿ ಹೆಚ್ಚಿನವರು ಅದನ್ನು ಒಂದೇ ಸೂತ್ರದಲ್ಲಿ ಪೋಣಿಸಿರುವರು. ಪೂರ್ವಕಾಲದಲ್ಲಿ ಶರೀರವನ್ನು ಸೀಳಿ ಕಲ್ಲನ್ನು ತೆಗೆಯುತ್ತಿದ್ದರು. 1824 ರಲ್ಲಿ ಪ್ಯಾರಿಸ್ಸಿನಲ್ಲಿ ಸೀಳದೆಯೇ ಅದನ್ನು ಒಳಗೇ ಒಡೆಯುವ ಉಪಾಯವು ದೊರೆಯಿತು. ಅಲ್ಲಿಂದ ಮುಂದೆ ಗಾಯವು ಕಿರಿದಾಗುತ್ತ ಬಂದು 1980 ರಲ್ಲಿ ಮ್ಯೂನಿಕ್ಕಿನಲ್ಲಿ ಗಾಯವೇ ಇಲ್ಲವಾಯಿತು. ಈ ಕಥನವು ಸುಳ್ಳಲ್ಲ. ಆದರೆ ಇದರಲ್ಲಿ ಕತ್ತಿಯ ಕಥೆಯು ಬಂದಿದೆಯೇ ಹೊರತು ಕಲ್ಲಿನ ಕಥೆಯು ಪೂರ್ಣವಾಗಿ ಬಂದಿಲ್ಲ. ಒಡೆದ ಕಲ್ಲಿನ ಚೂರುಗಳು ಎಲ್ಲಿ ಹೋಗುವುವು, ಉಳಿದವು ಏನಾಗುವುವು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅದೇ ಸಂಗತಿಗಳನ್ನು ಮತ್ತೊಮ್ಮೆ ನೋಡಿದರೆ, ಯಾರು ಏನನ್ನು ಸಾಧಿಸಿದರು ಎಂಬ ಲೆಕ್ಕವೇ ಬೇರೆಯಾಗಿ ಕಾಣುವುದು. ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದ ಪ್ರಾಚೀನ ಗ್ರಂಥಗಳಲ್ಲಿ ನಮಗೆ ಹತ್ತಿರವಾದುದು ಸುಶ್ರುತಸಂಹಿತೆ. ಆದುದರಿಂದ ಅಲ್ಲಿಂದಲೇ ಪ್ರಾರಂಭಿಸುವುದು ಯುಕ್ತ.

ಮೊದಲು ಶಬ್ದಗಳನ್ನು ಕುರಿತು ಒಂದೆರಡು ಮಾತು. ಅಶ್ಮ ಎಂದರೆ ಕಲ್ಲು, ಅದರಿಂದ ಅಶ್ಮರೀ. ಸುಶ್ರುತಸಂಹಿತೆಯ ನಿದಾನಸ್ಥಾನದ 3 ನೆಯ ಅಧ್ಯಾಯವು ಅಶ್ಮರಿಯನ್ನು ಶ್ಲೇಷ್ಮ, ಪಿತ್ತ, ವಾತ, ಶುಕ್ರ ಎಂಬ ನಾಲ್ಕು ಮೂಲಗಳಿಂದ ನಾಲ್ಕು ಬಗೆಯಾಗಿ ವಿಭಾಗಿಸುವುದು; ಮೊದಲಿನ ಮೂರು ಬಗೆಗಳು ಪ್ರಾಯಶಃ ಮಕ್ಕಳಲ್ಲಿ ಕಾಣುವುವೆಂದೂ, ಅವರ ಬಸ್ತಿಯು ಚಿಕ್ಕದಾಗಿ ಮಾಂಸವು ತೆಳುವಾಗಿರುವುದರಿಂದ ಕಲ್ಲನ್ನು ಹಿಡಿದು ತೆಗೆಯುವುದು ಸುಲಭವೆಂದೂ ಹೇಳುವುದು. ಅದೇ ಕಲ್ಲು ಒಡೆದು ಹರಳುಗಳಾದರೆ ಅದಕ್ಕೆ ಶರ್ಕರಾ ಎಂದು ಹೆಸರು. ಶರ್ಕರಾ ಶಬ್ದಕ್ಕೆ ಮೂಲಾರ್ಥವು ನೊರಜುಗಲ್ಲು, ಮರಳು. ಹರಳುಹರಳಾಗಿರುವ ಸಾಮ್ಯದಿಂದ ಅದು ಸಿಹಿಯಾದ ವಸ್ತುವಿಗೂ ಸಂದಿತು, ನಮ್ಮ ಸಕ್ಕರೆಯು ಅದರ ತದ್ಭವ. ವೈದ್ಯಗ್ರಂಥಗಳಲ್ಲಿ ಈ ಶಬ್ದವನ್ನು ಕಂಡ ಕೂಡಲೆ ಮಧುಮೇಹದ ಪ್ರಸಂಗವೆಂದು ಭ್ರಮಿಸುವುದುಂಟು. ಇಲ್ಲಿ ಅದು ಒಡೆದ ಕಲ್ಲಿನ ಹೆಸರು. ಅಂದರೆ ಒಡೆದ ಕಲ್ಲಿನ ಶೇಷಕ್ಕೆ ಪ್ರತ್ಯೇಕವಾದ ಒಂದು ಹೆಸರನ್ನೇ ಆ ಶಾಸ್ತ್ರವು ಇಟ್ಟುಕೊಂಡಿದ್ದಿತು.

ಚಿಕಿತ್ಸಾಸ್ಥಾನದ 7 ನೆಯ ಅಧ್ಯಾಯದಲ್ಲಿ ಶಸ್ತ್ರಕ್ರಮವಿದೆ. ರೋಗಿಯನ್ನು ಬಲಿಷ್ಠನಾದ ಇನ್ನೊಬ್ಬನ ತೊಡೆಯ ಮೇಲೆ ಒರಗಿಸಿ, ಮೊಣಕಾಲು ಮೊಣಕೈಗಳನ್ನು ಸೇರಿಸಿ ಕಟ್ಟಿ, ಹೊಕ್ಕುಳಿನ ಕೆಳಗೆ ಒತ್ತಿ ಕಲ್ಲನ್ನು ಕೆಳಕ್ಕೆ ಇಳಿಸಬೇಕು. ಎಡಗೈಯ ಎರಡು ಬೆರಳುಗಳನ್ನು ಗುದದ ಒಳಗಿನಿಂದ ನಡೆಸಿ, ಕಲ್ಲು ಗಂಟಿನಂತೆ ಉಬ್ಬಿ ನಿಲ್ಲುವಂತೆ ಮಾಡಿ, ಸೇವನಿಯ ಎಡಕ್ಕೆ ಒಂದು ಯವೆಯಷ್ಟು ಬಿಟ್ಟು, ಕಲ್ಲಿನ ಪ್ರಮಾಣಕ್ಕೆ ತಕ್ಕಂತೆ ಸೀಳಬೇಕು. ಇಷ್ಟನ್ನು ಅನೇಕರು ಎತ್ತಿ ಬರೆದಿರುವರು. ಇದರ ಮುಂದೆಯೇ ಬರುವ ಎಚ್ಚರಿಕೆಯನ್ನು ಅಷ್ಟಾಗಿ ಯಾರೂ ಗಮನಿಸಿದಂತೆ ಕಾಣದು. ಕಲ್ಲು ಒಡೆಯದಂತೆಯೂ ಪುಡಿಯಾಗದಂತೆಯೂ ಪ್ರಯತ್ನಿಸಬೇಕು. ಪುಡಿಯು ಅಲ್ಪವಾಗಿ ಉಳಿದರೂ ಅದು ಮತ್ತೆ ಬೆಳೆಯುವುದು. ಆದಕಾರಣ ತುದಿ ಬಾಗಿದ ಯಂತ್ರದಿಂದ ಅದನ್ನು ಇಡಿಯಾಗಿಯೇ ತೆಗೆಯಬೇಕು ಎಂಬುದು ಅದರ ತಾತ್ಪರ್ಯ. ಇದು ಕೇವಲ ವಿಧಿಯಲ್ಲ, ಕಾರಣಸಹಿತವಾದ ವಿಧಿ. ಬೆರಳಿನ ಸ್ಪರ್ಶವೊಂದನ್ನೇ ನಂಬಿ, ಒಳಗೆ ನೋಡುವ ಸಾಧನವಾಗಲಿ ಮೂತ್ರಾಶಯವನ್ನು ತೊಳೆದು ಬರಿದುಮಾಡುವ ಸಾಧನವಾಗಲಿ ಇಲ್ಲದೆ ಕೆಲಸಮಾಡುತ್ತಿದ್ದ ಶಸ್ತ್ರವೈದ್ಯನಿಗೆ ಇಡಿಯಾದ ಕಲ್ಲು ಒಂದೇ ವೈರಿ, ಒಡೆದ ಕಲ್ಲು ನೂರು ವೈರಿಗಳು. ಋಣ, ಅಗ್ನಿ, ಶತ್ರು, ವ್ಯಾಧಿ ಇವುಗಳ ಶೇಷವನ್ನು ಉಳಿಸಬಾರದೆಂಬ ನೀತಿಯನ್ನು ಬಲ್ಲ ನಮಗೆ ಇದು ಹೊಸತಲ್ಲ. ಆದರೆ ಇಲ್ಲಿ ಅದು ನೀತಿಯಾಗಿ ಬಂದಿಲ್ಲ, ಕಂಡ ಸಂಗತಿಯಾಗಿ ಬಂದಿದೆ.

ವಿಚಿತ್ರವೇನೆಂದರೆ ಅದೇ ಅಧ್ಯಾಯವು ಔಷಧದ ವಿಷಯದಲ್ಲಿ ಇದಕ್ಕೆ ವಿಪರೀತವಾದ ಮಾರ್ಗವನ್ನು ಹಿಡಿಯುವುದು. ಅಲ್ಲಿ ಹೇಳಿರುವ ಘೃತಗಳಲ್ಲಿ ಪಾಷಾಣಭೇದವೆಂಬ ಮೂಲಿಕೆಯು ಪ್ರಧಾನವಾದುದು. ಹೆಸರೇ ಹೇಳುವಂತೆ ಕಲ್ಲನ್ನು ಒಡೆಯುವುದು ಅದರಿಂದ ನಿರೀಕ್ಷಿತವಾದ ಕೆಲಸ. ನಮ್ಮ ಮನೆಗಳಲ್ಲಿ ಹುರುಳಿಯ ಕಟ್ಟನ್ನೂ ಬಾಳೆದಿಂಡಿನ ರಸವನ್ನೂ ಕೊಡುವವರ ಆಶಯವೂ ಅದೇ. ಔಷಧವು ಒಡೆದರೆ ಒಳ್ಳೆಯದು, ಶಸ್ತ್ರವು ಒಡೆದರೆ ಕೆಟ್ಟದ್ದು ಎಂಬ ಈ ಭೇದವನ್ನು ವಿರೋಧವೆಂದು ತಿಳಿಯಬೇಕಾಗಿಲ್ಲ. ಔಷಧವನ್ನು ಕುಡಿದವನ ಮೂತ್ರವು ಹರಿಯುತ್ತಲೇ ಇರುವುದು, ಹರಳುಗಳು ಅದರೊಡನೆ ಸಾಗಿಹೋಗಬಹುದು; ಸೀಳಿಸಿಕೊಂಡವನ ಬಸ್ತಿಯೋ ರಕ್ತದಿಂದ ಕೂಡಿ ಊದಿಕೊಂಡಿರುವುದು. ಶಸ್ತ್ರಕರ್ಮದ ತರುವಾಯ ರೋಗಿಯನ್ನು ಬಿಸಿನೀರಿನ ದ್ರೋಣಿಯಲ್ಲಿ ಕುಳ್ಳಿರಿಸಬೇಕೆಂದೂ, ಹಾಗೆ ಮಾಡಿದರೆ ಬಸ್ತಿಯಲ್ಲಿ ರಕ್ತವು ತುಂಬದೆಂದೂ ಗ್ರಂಥವು ಹೇಳುವುದು. ಈ ದ್ರೋಣಿಯನ್ನು ಕಂಡು, ಮುಂದೆ ಮ್ಯೂನಿಕ್ಕಿನವರು ರೋಗಿಯನ್ನು ಮಲಗಿಸಿದ ನೀರಿನ ತೊಟ್ಟಿಯನ್ನು ನಮ್ಮವರು ಮೊದಲೇ ಬಲ್ಲರೆಂದು ಹೆಮ್ಮೆಪಡುವವರು ಹುಟ್ಟಿಕೊಳ್ಳದಿರಲಿ. ಎರಡಕ್ಕೂ ನೀರೊಂದೇ ಸಮಾನ. ಶಸ್ತ್ರಮಾಡದಿದ್ದರೆ ಮರಣವು ನಿಶ್ಚಯ, ಮಾಡಿದರೆ ಫಲವು ಸಂದಿಗ್ಧ, ಆದುದರಿಂದ ಒಡೆಯನ ಅನುಮತಿಯನ್ನು ಪಡೆದೇ ಕೈಹಾಕಬೇಕು ಎಂದು ಒಪ್ಪಿಕೊಂಡ ಆ ಗ್ರಂಥಕಾರನ ನಿಜವಾದ ಗೌರವಕ್ಕೆ ಇಂಥ ಸ್ತುತಿಯ ಅಗತ್ಯವಿಲ್ಲ.

ಪಾಶ್ಚಾತ್ಯರಲ್ಲಿಯೂ ಸ್ಥಿತಿಯು ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಹಿಪ್ಪೊಕ್ರಾಟಿಸನ ಹೆಸರಿನಲ್ಲಿರುವ ಪ್ರತಿಜ್ಞೆಯು ಕಲ್ಲಿನ ರೋಗಿಗಳನ್ನು ಸೀಳುವ ಕೆಲಸವನ್ನು ಆ ಕಸುಬಿನವರಿಗೇ ಬಿಟ್ಟುಕೊಡುವುದು. ಕ್ರಿ. ಶ. 1 ನೆಯ ಶತಮಾನದ ರೋಮನ್ ಲೇಖಕನಾದ ಸೆಲ್ಸಸ್ಸನು ವರ್ಣಿಸಿದ ಕ್ರಮವು ಸುಶ್ರುತನ ಕ್ರಮಕ್ಕೆ ಅತ್ಯಂತ ಸಮೀಪವಾದುದು; 9 ರಿಂದ 14 ವರ್ಷದವರೆಗಿನ ಬಾಲಕರಿಗೇ ಇದು ತಕ್ಕುದೆಂದು ಅವನು ಮಿತಿಯನ್ನು ಹಾಕಿರುವನು. ಸೀಳಿದ ದಾರಿಗೆ ಮೀರಿದ ದೊಡ್ಡ ಕಲ್ಲನ್ನು ಒಳಗೇ ಸೀಳುತ್ತಿದ್ದ ಅಲೆಕ್ಸಾಂಡ್ರಿಯದ ಅಮ್ಮೋನಿಯಸ್ಸನನ್ನು ಅವನು ಹೆಸರಿಸುವನು. ಈ ಅಮ್ಮೋನಿಯಸ್ಸನಿಗೆ ಕಲ್ಲುಕಡಿಯುವವನು ಎಂಬ ಅರ್ಥದ ಲಿಥೋಟೊಮೊಸ್ ಎಂಬ ಅಡ್ಡಹೆಸರಿದ್ದಿತು. ಮುಂದೆ ಐರೋಪ್ಯ ಭಾಷೆಗಳಲ್ಲಿ ಲಿಥೋಟೊಮಿ ಎಂದರೆ ಮನುಷ್ಯನನ್ನು ಸೀಳುವುದೆಂದೇ ಅರ್ಥವಾಯಿತು. ಆ ಹೆಸರು ಹುಟ್ಟಿದುದು ಮಾತ್ರ ಕಲ್ಲನ್ನು ಸೀಳಿದವನಿಂದ. ಮುಂದಿನ ಶತಮಾನಗಳನ್ನು ಇಲ್ಲಿ ದಾಟಿಹೋಗಬಹುದು. 1727 ರಲ್ಲಿ ಲಂಡನ್ನಿನ ಚೆಸೆಲ್ಡನ್ನನು ಪಾರ್ಶ್ವದಿಂದ ಸೀಳುವ ಕ್ರಮವನ್ನು ಸುಧಾರಿಸಿ ಒಂದೆರಡು ನಿಮಿಷಗಳೊಳಗಾಗಿ ಮುಗಿಸುತ್ತಿದ್ದನು. ಸಂಜ್ಞಾಹರಣವಿಲ್ಲದ ಕಾಲದಲ್ಲಿ ಆ ವೇಗವೇ ದಯೆ.

ಕಲ್ಲನ್ನು ಸ್ವಾಭಾವಿಕವಾದ ದಾರಿಯಿಂದಲೇ ಸವೆಸಿ ತೆಗೆದ ವೃತ್ತಾಂತಗಳಲ್ಲಿ ಅತ್ಯಂತ ಆಶ್ಚರ್ಯಕರವಾದುದು ನಡೆದುದು ಲಖ್ನೌ ನಗರದಲ್ಲಿ. ಮಾಡಿದವನು ವೈದ್ಯನೇ ಅಲ್ಲ. ಫ್ರಾನ್ಸಿನ ಲಿಯೋನಿನಲ್ಲಿ 1735 ರಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯವನ್ನು ಸೇರಿ, ಅವಧದ ನವಾಬನ ಬಳಿಯಲ್ಲಿ ಅಪಾರವಾದ ಐಶ್ವರ್ಯವನ್ನು ಗಳಿಸಿದ ಕ್ಲೋಡ್ ಮಾರ್ಟಿನ್ನನ ಹೆಸರು ಅವನು ಬಿಟ್ಟುಹೋದ ಹಣದಿಂದಾದ ಲಾ ಮಾರ್ಟಿನಿಯೇರ್ ವಿದ್ಯಾಶಾಲೆಗಳ ಮೂಲಕ ವಾಚಕರಿಗೆ ಪರಿಚಿತವಾಗಿರಬಹುದು. ಮೂತ್ರಾಶಯದ ಕಲ್ಲಿನಿಂದ ಪೀಡಿತನಾಗಿದ್ದ ಇವನು 1782 ರಲ್ಲಿ ಉಕ್ಕಿನ ಸಣ್ಣ ಕಡ್ಡಿಯೊಂದರ ತುದಿಯನ್ನು ಅರದಂತೆ ಕಚ್ಚುಗೊಳಿಸಿ, ಟೊಳ್ಳಾದ ಕೊಳವೆಯ ಮೂಲಕ ಅದನ್ನು ತಾನೇ ಒಳಕ್ಕೆ ನಡೆಸಿ, ದಿನದಲ್ಲಿ ಹಲವು ಬಾರಿಯಂತೆ ತಿಂಗಳುಗಟ್ಟಲೆ ಕಲ್ಲನ್ನು ತೇದನು. ಪುಡಿಯು ಮೂತ್ರದೊಡನೆ ಹೊರಬೀಳುತ್ತಿದ್ದಿತು. ನೋವು ಎಲ್ಲಿ ಹೆಚ್ಚಿತೋ ಅಲ್ಲಿ ಕೈಯನ್ನು ತಡೆಯುವುದು ಅವನಿಗೆ ಸಾಧ್ಯವಿದ್ದಿತು. ಪರರ ಶರೀರದ ಮೇಲೆ ಕೆಲಸಮಾಡುವ ಯಾವ ವೈದ್ಯನಿಗೂ ಆ ಅನುಕೂಲವಿಲ್ಲ. ಇದಾದ ಮೇಲೆ ಅವನು 18 ವರ್ಷ ಬದುಕಿ 1800 ರಲ್ಲಿ ತೀರಿಕೊಂಡನು. ಈ ಪ್ರಯೋಗದಲ್ಲಿ ನಾವು ಗಮನಿಸಬೇಕಾದ ಅಂಶವೆಂದರೆ ಅವನು ಕಲ್ಲನ್ನು ಒಡೆಯಲಿಲ್ಲ, ಸವೆಸಿದನು. ಚೂರಿನ ಬದಲು ಪುಡಿಯನ್ನು ಮಾಡಿದನು. ಎರಡು ಶತಮಾನಗಳ ತರುವಾಯ ಇದೇ ಭೇದವು ದೊಡ್ಡ ಚರ್ಚೆಯ ವಿಷಯವಾಗುವುದನ್ನು ಮುಂದೆ ನೋಡುವೆವು.

ಒಂದು ಪ್ರಯೋಗವನ್ನು ಶಾಸ್ತ್ರವನ್ನಾಗಿ ಮಾಡಿದವನು ಜಾನ್ ಸಿವಿಯಾಲ್ (1792–1867). ಇವನು 1824 ನೆಯ ಜನವರಿ 13 ರಂದು ಪ್ಯಾರಿಸ್ಸಿನಲ್ಲಿ ವಿಜ್ಞಾನ ಅಕಾಡೆಮಿಯ ಪ್ರತಿನಿಧಿಗಳ ಎದುರಿಗೆ ಸಜೀವನಾದ ರೋಗಿಯ ಮೂತ್ರಾಶಯದಲ್ಲಿ ಕಲ್ಲನ್ನು ಹಿಡಿದು ಕೊರೆದು ತೋರಿಸಿದನು. ಅವನ ಯಂತ್ರವು ನೆಟ್ಟನೆಯ ಕೊಳವೆ. ಒಳಗಿನಿಂದ ಮೂರು ಬೆರಳುಗಳಂಥ ಕವಲುಗಳು ಚಾಚಿ ಕಲ್ಲನ್ನು ಹಿಡಿಯುವುವು. ನಡುವೆ ಬೈರಿಗೆಯೊಂದು ತಿರುಗಿ ಅದನ್ನು ಕೊರೆಯುವುದು. ಇದಕ್ಕೆ ಲಿಥೋಟ್ರಿಟಿ, ಅಂದರೆ ಅಶ್ಮಪೇಷಣ, ಎಂದು ಹೆಸರಾಯಿತು. ಯಂತ್ರವು ಮೊದಲು ಯಾರದೆಂಬ ವಿವಾದವು ಲೆರಾಯ್ ದೆತಿಯೋಲ್ ಮೊದಲಾದವರೊಡನೆ ಬಹುಕಾಲ ನಡೆಯಿತು. ಅದರ ವಿವರವು ನಮಗೆ ಬೇಡ.

ಸಿವಿಯಾಲನ ಇನ್ನೊಂದು ಕಾರ್ಯವು ಯಂತ್ರಕ್ಕಿಂತ ಹೆಚ್ಚು ಸ್ಮರಣೀಯವೆಂದು ನನ್ನ ಅಭಿಪ್ರಾಯ. ಸೀಳುವ ಕ್ರಮದಿಂದ ಎಷ್ಟು ಜನ ಸತ್ತರು, ಒಡೆಯುವ ಕ್ರಮದಿಂದ ಎಷ್ಟು ಜನ ಸತ್ತರು ಎಂಬುದನ್ನು ಅವನು ಐರೋಪ್ಯ ದೇಶಗಳಿಂದ ಲೆಕ್ಕ ತರಿಸಿ ಹೋಲಿಸಿದನು. ಮೊದಲನೆಯದರಲ್ಲಿ ನೂರಕ್ಕೆ ಸುಮಾರು 19, ಎರಡನೆಯದರಲ್ಲಿ ನೂರಕ್ಕೆ ಸುಮಾರು 2 ಎಂದು ಬಂದಿತು. 1835 ರಲ್ಲಿ ಅಕಾಡೆಮಿಯು ಇದನ್ನು ಪರಿಶೀಲಿಸಲು ನೇಮಿಸಿದ ಸಮಿತಿಯಲ್ಲಿ ಗಣಿತಜ್ಞನಾದ ಪ್ವಾಸೋನ್, ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯನಾಗಿದ್ದ ಲಾರೇ ಮೊದಲಾದವರು ಇದ್ದರು. ಅವರ ಆಕ್ಷೇಪಣೆಯು ಇಂದಿಗೂ ಓದತಕ್ಕುದು. ಸಂಖ್ಯಾಶಾಸ್ತ್ರವು ಮನುಷ್ಯನ ವ್ಯಕ್ತಿತ್ವವನ್ನು ಕಳಚಿಹಾಕಿ ಸಮೂಹವನ್ನು ನೋಡುವುದು, ವೈದ್ಯನ ಮುಂದಿರುವವನೋ ಒಬ್ಬನೇ ವ್ಯಕ್ತಿ ಎಂಬುದು ಅದರ ಸಾರ. ಸಣ್ಣ ಕಲ್ಲುಳ್ಳವರನ್ನೂ ದೇಹದಲ್ಲಿ ಬಲವುಳ್ಳವರನ್ನೂ ಆರಿಸಿಕೊಂಡು ಒಡೆದರೆ ಮರಣವು ಕಡಮೆಯಾಗದೆ ಏನಾದೀತು ಎಂದು ವಿರೋಧಿಗಳು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಆದರೆ ಸಿವಿಯಾಲನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಕೊರತೆಯೊಂದಿದ್ದಿತು: ಅದು ಸತ್ತವರನ್ನು ಬದುಕಿದವರಿಂದ ಬೇರ್ಪಡಿಸಿತು; ಬದುಕಿದವರಲ್ಲಿ ಎಷ್ಟು ಜನರ ಬಸ್ತಿಯಲ್ಲಿ ಚೂರುಗಳು ಉಳಿದಿದ್ದುವೆಂಬುದನ್ನು ಎಣಿಸುವ ಉಪಾಯವು ಆಗ ಯಾರಲ್ಲಿಯೂ ಇರಲಿಲ್ಲ.

ಉಳಿಯುವುದು ಅನಿವಾರ್ಯವಾಗಿದ್ದಿತು. ಸಂಜ್ಞಾಹರಣವಿಲ್ಲದುದರಿಂದ ಒಂದೊಂದು ಬಾರಿಗೆ ಕೆಲವು ನಿಮಿಷಗಳಿಗಿಂತ ಹೆಚ್ಚಾಗಿ ಕೆಲಸಮಾಡುವಂತಿರಲಿಲ್ಲ. ಒಡೆದಷ್ಟನ್ನು ಒಡೆದು, ಚೂರುಗಳನ್ನು ಮೂತ್ರದ ಪ್ರವಾಹಕ್ಕೆ ಬಿಟ್ಟು, ಕೆಲವು ದಿನಗಳ ತರುವಾಯ ಮತ್ತೆ ಪ್ರಾರಂಭಿಸಬೇಕು. ನಡುವಣ ದಿನಗಳಲ್ಲಿ ಮೊನಚಾದ ಚೂರುಗಳು ಬಸ್ತಿಯ ಗೋಡೆಯನ್ನು ಗೀರುವುವು, ದಾರಿಯಲ್ಲಿ ಸಿಕ್ಕಿಕೊಳ್ಳುವುವು. ಇದರ ಅಪಾಯವು ಎಲ್ಲರ ಕಣ್ಣಿಗೂ ಬಿದ್ದುದು 1873 ರಲ್ಲಿ. ಸಿಂಹಾಸನವನ್ನು ಕಳೆದುಕೊಂಡು ಇಂಗ್ಲೆಂಡಿನ ಚಿಸಲ್‌ಹರ್ಸ್ಟಿನಲ್ಲಿದ್ದ ಮೂರನೆಯ ನೆಪೋಲಿಯನ್ನನಿಗೆ ಆ ಕಾಲದ ಶ್ರೇಷ್ಠ ಅಶ್ಮರೀವೈದ್ಯನಾದ ಸರ್ ಹೆನ್ರಿ ಥಾಮ್ಸನ್ನನು ಜನವರಿ 2 ರಂದು ಒಮ್ಮೆ, 6 ರಂದು ಮತ್ತೊಮ್ಮೆ ಕಲ್ಲನ್ನು ಒಡೆದನು. ಬೆಲ್ಜಿಯಮ್ಮಿನ ದೊರೆ ಲಿಯೋಪೋಲ್ಡನನ್ನು ಹತ್ತು ವರ್ಷಗಳ ಹಿಂದೆ ಗುಣಪಡಿಸಿದ ಕೈಯೇ ಇದು. ಮೂರನೆಯ ಬಾರಿಗೆ ಗೊತ್ತಾಗಿದ್ದ 9 ನೆಯ ತಾರೀಖಿನಂದೇ ರೋಗಿಯು ತೀರಿಕೊಂಡನು. ಮೂತ್ರಪಿಂಡಗಳು ಮೊದಲೇ ಕೆಟ್ಟುಹೋಗಿದ್ದುದು ಶವಪರೀಕ್ಷೆಯಲ್ಲಿ ಕಂಡಿತು. ಆದುದರಿಂದ ತಪ್ಪೆಲ್ಲವನ್ನೂ ಕ್ರಮದ ಮೇಲೆ ಹೊರಿಸುವುದು ಸರಿಯಲ್ಲ. ಆದರೂ ಕಲ್ಲಿನ ಅರ್ಧದಷ್ಟು ಬಸ್ತಿಯಲ್ಲಿಯೇ ಉಳಿದಿದ್ದಿತು.

ಈ ದೋಷವನ್ನು ಪರಿಹರಿಸಿದವನು ಬಾಸ್ಟನ್ನಿನ ಹೆನ್ರಿ ಜೇಕಬ್ ಬಿಗೆಲೋ. ಈಥರಿನಿಂದ ಸಂಜ್ಞಾಹರಣವನ್ನು ಮಾಡಿದ ವೃತ್ತಾಂತವನ್ನು 1846 ರಲ್ಲಿ ವೈದ್ಯಲೋಕಕ್ಕೆ ಬರೆದು ತಿಳಿಸಿದವನೂ ಇವನೇ ಎಂಬುದು ಕಾಕತಾಳೀಯವಲ್ಲ. ರೋಗಿಯು ನಿದ್ರಿಸುತ್ತಿರುವಾಗ ಕೆಲವು ನಿಮಿಷಗಳಲ್ಲಿ ಏಕೆ ನಿಲ್ಲಿಸಬೇಕು? ಮೂತ್ರಮಾರ್ಗವು ಅಂದಿನವರು ಎಣಿಸಿದ್ದುದಕ್ಕಿಂತ ದಪ್ಪವಾದ ಕೊಳವೆಯನ್ನು ತಾಳಬಲ್ಲುದೆಂಬುದನ್ನು ನ್ಯೂಯಾರ್ಕಿನ ಓಟಿಸ್ ಎಂಬವನು ತೋರಿಸಿದ್ದನು. ಇವೆರಡನ್ನೂ ಕೂಡಿಸಿ ಬಿಗೆಲೋವು 1878 ರಲ್ಲಿ ಹೊಸ ಕ್ರಮವನ್ನು ಪ್ರಕಟಿಸಿದನು. ಒಂದೇ ಬಾರಿಗೆ ಕಲ್ಲನ್ನೆಲ್ಲ ಒಡೆಯುವುದು. ದೊಡ್ಡ ಕೊಳವೆಯನ್ನು ಹಾಕಿ, ಅದಕ್ಕೆ ಸೇರಿದ ರಬ್ಬರಿನ ಬುರುಡೆಯನ್ನು ಹಿಸುಕಿ ನೀರನ್ನು ಒಳಕ್ಕೆ ನೂಕುವುದು. ಬಿಟ್ಟಾಗ ನೀರಿನೊಡನೆ ಚೂರುಗಳು ಹಿಂದಕ್ಕೆ ಬಂದು ಗಾಜಿನ ಪಾತ್ರೆಯಲ್ಲಿ ತಂಗುವುವು. ಏನೂ ಬಾರದಾಗುವವರೆಗೆ ಹೀಗೆಯೇ ಮಾಡುವುದು. ಇದಕ್ಕೆ ಅವನು ಇಟ್ಟ ಲಿಥೋಲಪಾಕ್ಸಿ ಎಂಬ ಹೆಸರಿನಲ್ಲಿ ಗ್ರೀಕ್ ಮೂಲದ ಎರಡನೆಯ ಪದಕ್ಕೆ ಬರಿದುಮಾಡುವುದು ಎಂದರ್ಥ. ಹೆಸರಿನಲ್ಲಿ ಒಡೆಯುವುದರ ಮಾತೇ ಇಲ್ಲ. ಸುಶ್ರುತನ ನಿಷೇಧವನ್ನು ಬಿಗೆಲೋವು ಓದಿರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ನಿಷೇಧದ ಕಾರಣವನ್ನು ನಿಜವಾಗಿ ಎದುರಿಸಿದವನು ಅವನೇ ಹೊರತು ಸಿವಿಯಾಲನಲ್ಲ.

ಈ ಕ್ರಮವು ಅತಿಶಯವಾಗಿ ಬಳಕೆಗೆ ಬಂದುದು ಭಾರತದಲ್ಲಿ. ಪಂಜಾಬು, ಸಿಂಧು, ರಾಜಪುತಾನ ಪ್ರಾಂತಗಳಲ್ಲಿ ಬಡವರ ಮಕ್ಕಳಿಗೆ ಮೂತ್ರಾಶಯದ ಕಲ್ಲು ಸರ್ವಸಾಮಾನ್ಯವಾಗಿದ್ದಿತು. ಬಾಲಕರ ಮಾರ್ಗವು ಕಿರಿದು, ಅವರನ್ನು ಸೀಳಲೇ ಬೇಕು ಎಂಬುದು ಯೂರೋಪಿನಲ್ಲಿ ರೂಢವಾಗಿದ್ದ ಮತ. ಇಂದೂರಿನ ರೆಸಿಡೆನ್ಸಿಯ ಶಸ್ತ್ರವೈದ್ಯನಾದ ಕೀಗನ್ನನು 1880 ರ ದಶಕದಲ್ಲಿ ಸಣ್ಣ ಪ್ರಮಾಣದ ಯಂತ್ರಗಳಿಂದ ಬಾಲಕರಲ್ಲಿಯೂ ಬಿಗೆಲೋವಿನ ಕ್ರಮವನ್ನು ನಡೆಸಿ ಆ ಮತವನ್ನು ಮುರಿದನು. ಮೂಗನ್ನು ಹೊಸದಾಗಿ ಕಟ್ಟುವ ಭಾರತೀಯ ಪದ್ಧತಿಯನ್ನು ಕುರಿತು 1900 ರಲ್ಲಿ ಪುಸ್ತಕವನ್ನು ಬರೆದವನೂ ಇವನೇ ಆದುದರಿಂದ, ಸುಶ್ರುತನ ಎರಡು ಪ್ರಸಿದ್ಧ ಶಸ್ತ್ರಕರ್ಮಗಳ ಕ್ಷೇತ್ರದಲ್ಲಿ ಈ ಆಂಗ್ಲ ಸರಕಾರದ ಸೇವಕನು ಕೆಲಸಮಾಡಿದಂತಾಯಿತು. ಮುಂದೆ ಲಂಡನ್ನಿನಲ್ಲಿ ಹೆಸರಾದ ಫ್ರೇಯರನು ತನ್ನ ಕೈಯನ್ನು ಪಳಗಿಸಿಕೊಂಡುದೂ ಭಾರತದಲ್ಲಿಯೇ. ಇನ್ನು ಈ ರೋಗದ ಕಾರಣವನ್ನು ಆಹಾರದಲ್ಲಿ ಹುಡುಕಿದವರಲ್ಲಿ, ನೀಲಗಿರಿಯ ಕೂನೂರಿನ ಪ್ರಯೋಗಶಾಲೆಯಲ್ಲಿ ಇಲಿಗಳಿಗೆ ಕೊರತೆಯ ಆಹಾರವನ್ನು ತಿನ್ನಿಸಿ ಕಲ್ಲನ್ನು ಹುಟ್ಟಿಸಿ ತೋರಿಸಿದ ಮೆಕ್ಯಾರಿಸನ್ನನು ಮುಖ್ಯನು. ಆಹಾರಸ್ಥಿತಿಯು ಉತ್ತಮವಾದ ಕಡೆಗಳಲ್ಲಿ ಮಕ್ಕಳ ಮೂತ್ರಾಶಯದ ಕಲ್ಲು ಅಪರೂಪವಾಯಿತು; ವಯಸ್ಕರ ಮೂತ್ರಪಿಂಡದ ಕಲ್ಲು ಹೆಚ್ಚಿತು.

ಹೀಗೆ ಕಲ್ಲು ಸ್ಥಳವನ್ನು ಬದಲಾಯಿಸಿದಾಗ ಹಳೆಯ ಪ್ರಶ್ನೆಯು ಹೊಸದಾಗಿ ಎದ್ದಿತು. ಮೂತ್ರಪಿಂಡವು ಬಸ್ತಿಯಂತೆ ಒಂದೇ ಚೀಲವಲ್ಲ. ಹಲವು ಬಟ್ಟಲುಗಳಾಗಿ ಕವಲೊಡೆದ ಪಾತ್ರೆ. 1880 ರಲ್ಲಿ ಲಂಡನ್ನಿನ ಹೆನ್ರಿ ಮಾರಿಸ್ಸನು ಅದನ್ನು ಸೀಳಿ ಕಲ್ಲನ್ನು ತೆಗೆದನು. ಸುಮಾರು ನೂರು ವರ್ಷ ಅದೇ ಮಾರ್ಗವಾಗಿದ್ದಿತು. 1976 ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್ ಎಂಬವರು ಬೆನ್ನಿನಲ್ಲಿ ಬೆರಳಷ್ಟು ಗಾತ್ರದ ದಾರಿಯನ್ನು ಮಾಡಿ, ಕ್ಷಕಿರಣದ ಸಹಾಯದಿಂದ ಅದರ ಮೂಲಕವೇ ಕಲ್ಲನ್ನು ಹೊರತಂದರು.

ಅನಂತರ ಮ್ಯೂನಿಕ್ಕು. ಶಬ್ದವನ್ನು ಮೀರಿದ ವೇಗದ ವಿಮಾನಕ್ಕೆ ಮಳೆಯ ಹನಿ ತಗಲಿದಾಗ ಲೋಹಕ್ಕೆ ಆಗುವ ಹಾನಿಯನ್ನು ಶೋಧಿಸುತ್ತಿದ್ದ ಡಾರ್ನಿಯರ್ ವಿಮಾನಸಂಸ್ಥೆಯವರಿಗೆ ಆಘಾತ ತರಂಗಗಳ ಪರಿಚಯವಿದ್ದಿತು. ಅರ್ಧ ಅಂಡಾಕಾರದ ಲೋಹದ ಬಟ್ಟಲಿನ ಒಂದು ನಾಭಿಯಲ್ಲಿ, ನೀರಿನೊಳಗೆ, ವಿದ್ಯುತ್ಕಿಡಿಯನ್ನು ಹಾರಿಸಿದರೆ ಹುಟ್ಟುವ ತರಂಗವು ಎರಡನೆಯ ನಾಭಿಯಲ್ಲಿ ಮತ್ತೆ ಕೂಡುವುದು. ಶರೀರದ ಮೃದುಭಾಗಗಳು ನೀರಿಗೆ ಸಮಾನವಾದುದರಿಂದ ತರಂಗವು ಅವುಗಳನ್ನು ಹಾದುಹೋಗುವುದು. ಎರಡನೆಯ ನಾಭಿಯಲ್ಲಿರಿಸಿದ ಕಲ್ಲು ಮಾತ್ರ ಬಿರಿಯುವುದು. 1980 ನೆಯ ಫೆಬ್ರವರಿ 7 ರಂದು ಷೌಸಿ, ಶ್ಮೀಡ್ಟ್ ಮೊದಲಾದವರು ನೀರಿನ ತೊಟ್ಟಿಯಲ್ಲಿ ಇಳಿಸಿದ ಮೊದಲ ರೋಗಿಯ ಮೂತ್ರಪಿಂಡದ ಕಲ್ಲನ್ನು ಹೀಗೆ ಒಡೆದರು. ಚರ್ಮದ ಮೇಲೆ ಗೀರೂ ಇಲ್ಲ. ಕೆಲವೇ ವರ್ಷಗಳಲ್ಲಿ ಈ ಯಂತ್ರವು ಲೋಕವನ್ನೆಲ್ಲ ವ್ಯಾಪಿಸಿತು.

ಆದರೆ ಪಾತ್ರೆಯನ್ನು ಬರಿದುಮಾಡುವ ಕೆಲಸವನ್ನು ಅದು ಪುನಃ ಮೂತ್ರದ ಪ್ರವಾಹಕ್ಕೇ ಒಪ್ಪಿಸಿತು. ಶೇಷದ ದೃಷ್ಟಿಯಿಂದ ಇದು ಬಿಗೆಲೋವಿನಿಂದ ಸಿವಿಯಾಲನ ಕಡೆಗೆ ಇಟ್ಟ ಹೆಜ್ಜೆ. ಚೂರುಗಳು ಸಾಲಾಗಿ ಮೂತ್ರನಾಳದಲ್ಲಿ ಇಳಿದು ಅದನ್ನು ಮುಚ್ಚುವುದನ್ನು ಕಂಡ ಜರ್ಮನರು ಅದಕ್ಕೆ ಕಲ್ಲುಬೀದಿ ಎಂಬ ಅರ್ಥ ಬರುವ ಹೆಸರನ್ನಿಟ್ಟರು. ಮೂತ್ರಪಿಂಡದ ಕೆಳಗಣ ಬಟ್ಟಲಿನಲ್ಲಿ ಬಿದ್ದ ಚೂರುಗಳು ಭಾರದಿಂದಲೇ ಅಲ್ಲಿ ನಿಂತುವು. ಕೆಲವು ಮಿಲಿಮೀಟರುಗಳಷ್ಟೆ ಇರುವ, ನೋವನ್ನೂ ತಡೆಯನ್ನೂ ಮಾಡದ ಇಂಥ ಶೇಷವನ್ನು ಚಿಕಿತ್ಸೆಯ ದೃಷ್ಟಿಯಿಂದ ಗಣನೀಯವಲ್ಲದ್ದೆಂದು ವೈದ್ಯರು ಕರೆದರು. ಆ ಹೆಸರು ಬಹುಕಾಲ ನಿಲ್ಲಲಿಲ್ಲ. ಅಂಥ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಅವರಲ್ಲಿ ಅನೇಕರಿಗೆ ಚೂರು ಬೆಳೆದು ಮತ್ತೆ ಚಿಕಿತ್ಸೆಯು ಬೇಕಾಯಿತು. ಲವಣಗಳಿಂದ ತುಂಬಿದ ಮೂತ್ರದಲ್ಲಿ ಉಳಿದ ಹರಳು ಹೊಸ ಹರಳುಗಳಿಗೆ ಅಂಟಿಕೊಳ್ಳುವ ನೆಲೆಯಾಗುವುದು. ಸೋಂಕಿನಿಂದ ಹುಟ್ಟಿದ ಕಲ್ಲಾದರೆ ಸೂಕ್ಷ್ಮಜೀವಿಗಳು ಚೂರಿನೊಳಗೇ ಅಡಗಿದ್ದು ಬೇಗನೆ ಬೆಳೆಸುವುವು. ಸುಶ್ರುತಸಂಹಿತೆಯು ಹೇಳಿದ ಸಂಗತಿಗೆ ಹೀಗೆ ಕಾರಣವು ತಿಳಿದುಬಂದಿತು.

1990 ರ ದಶಕದಿಂದೀಚೆಗೆ, ಬಾಗಬಲ್ಲ ಸಣ್ಣ ದರ್ಶಕವನ್ನು ಮೂತ್ರಮಾರ್ಗದಿಂದಲೇ ಮೂತ್ರಪಿಂಡದವರೆಗೆ ನಡೆಸಿ, ಹೋಲ್ಮಿಯಂ ಎಂಬ ಧಾತುವಿನ ಲೇಸರ್ ಕಿರಣದಿಂದ ಕಲ್ಲನ್ನು ಕಣ್ಣಾರೆ ಕಂಡು ಒಡೆಯುವ ಕ್ರಮವು ಪ್ರಬಲವಾಯಿತು. ಇದನ್ನು ಬಳಸುವವರಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರು ಕಲ್ಲನ್ನು ಕೆಲವು ಚೂರುಗಳಾಗಿ ಮಾಡಿ ತಂತಿಯ ಸಣ್ಣ ಬುಟ್ಟಿಯಿಂದ ಒಂದೊಂದಾಗಿ ಹಿಡಿದು ಹೊರತರುವರು. ಇನ್ನೊಂದು ಪಕ್ಷದವರು ಅದನ್ನು ಧೂಳಾಗಿ ಸವೆಸಿ ತಾನಾಗಿ ಹರಿದುಹೋಗಲು ಬಿಡುವರು. ಲಖ್ನೌವಿನ ಮಾರ್ಟಿನ್ನನು ಎರಡನೆಯ ಪಕ್ಷದವನು. ಮೊದಲಿನದರಲ್ಲಿ ಕಾಲವು ಹೆಚ್ಚು, ಶೇಷವು ಕಡಮೆ. ಎರಡನೆಯದರಲ್ಲಿ ಕಾಲವು ಕಡಮೆ, ಧೂಳೆಲ್ಲವೂ ಹೋಯಿತೆಂಬ ಭರವಸೆಯು ಕಡಮೆ. 2020 ರಿಂದೀಚಿನ ವರ್ಷಗಳಲ್ಲಿ, ಮೂತ್ರನಾಳದಲ್ಲಿ ಹಾಕುವ ಕವಚದ ತುದಿಯನ್ನೇ ಬಾಗುವಂತೆ ಮಾಡಿ, ಅದಕ್ಕೆ ಹೀರುವ ಯಂತ್ರವನ್ನು ಜೋಡಿಸಿ, ಲೇಸರು ಮಾಡಿದ ಧೂಳನ್ನು ಆಗಿಂದಾಗಲೇ ನೀರಿನೊಡನೆ ಹೊರಕ್ಕೆ ಸೆಳೆಯುವ ಉಪಾಯವು ಹರಡುತ್ತಿದೆ. ಹೊರಬಂದ ಪುಡಿಯು ಒಂದು ಶೀಸೆಯಲ್ಲಿ ತಂಗುವುದು.